ಗಂಜಿ ಅಕ್ಕನ ಫ್ರೆಂಚ್ ಟೋಸ್ಟ್

ನನ್ನ ಅತ್ತಿಗೆ ಬೇರೆಯವರು ಮಾಡಿದ ಕೆಲಸವನ್ನು ಇದ್ದ ಹಾಗೆ ಬಿಡದ ಹೆಂಗಸು. ನೀವು ಮಡಿಸಿಟ್ಟ ಟವೆಲನ್ನು ಬಿಡಿಸಿ ಮತ್ತೆ ಮಡಿಸುತ್ತಾಳೆ. ನೀವು ತೊಳೆದ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕಾಣದಿದ್ದರೂ ಮತ್ತೆ ತೊಳೆಯುತ್ತಾಳೆ. ಬೈಯುವುದಿಲ್ಲ, ಬೈದರೆ ನಾವೂ ಎದುರಾಡಬಹುದು. ನೀವು ಅತ್ತ ತಿರುಗುವವರೆಗೆ ಕಾದಿದ್ದು ತನ್ನ ಕೆಲಸ ಮುಗಿಸಿಬಿಡುತ್ತಾಳೆ. ಜನ ಇದನ್ನು ಅಚ್ಚುಕಟ್ಟು ಅನ್ನುತ್ತಾರೆ, ನಾನು ಅಹಂಕಾರ ಅನ್ನುತ್ತೇನೆ. ಅವಳನ್ನು ಕಂಡರೆ ನನಗೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಬೇರೆ, ತೀರ್ಪು ಬೇರೆ.

ನನ್ನ ಅಣ್ಣ ಒಮ್ಮೆ ಅವಳ ಎದುರಿಗೇ ಹೇಳಿದ್ದ: "ನಾನು ಸೀನಿದ್ರೆ, ಇದು ಸರಿಯಾಗಿಲ್ಲ ಅಂತ ಇನ್ನೊಂದು ಸಲ ಇವಳೇ ಸೀನ್ತಾಳೆ." ಅತ್ತಿಗೆ ನಗಲಿಲ್ಲ. ಅವನ ಕೈಯಲ್ಲಿದ್ದ ಕರವಸ್ತ್ರ ತೆಗೆದುಕೊಂಡು ಹೋಗಿ ಬೇರೆಯದು ತಂದುಕೊಟ್ಟಳು.

ಅವಳು ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೋಣೆಯನ್ನು ನೋಡಿಕೊಳ್ಳುತ್ತಾಳೆ. ನೆಲಮಾಳಿಗೆಯ ಕೋಣೆ, ಕಿಟಕಿ ಇಲ್ಲ, ತಲೆಯ ಮೇಲೆ ಹಬೆಯ ಕೊಳವೆಗಳು. ಮಂಚದಷ್ಟು ಅಗಲದ ಬಿಸಿ ಉರುಳೆಗಳ ನಡುವೆ ಒದ್ದೆ ಬೆಡ್‌ಶೀಟು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಕಾಗದದ ಹಾಗೆ ಹೊರಬರುತ್ತದೆ. ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಮಡಿಸುತ್ತಾರೆ. ಮಡಿಸಿದ್ದನ್ನು ಅತ್ತಿಗೆ ಕೆನ್ನೆಗೆ ಒತ್ತಿ ನೋಡುತ್ತಾಳೆ. ಕೈಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದಂತೆ. ತೇವ ಉಳಿದರೆ ಬಟ್ಟೆ ಮಡಿಕೆಯೊಳಗೇ ಮುಗ್ಗುತ್ತದೆ. ಹೊಟ್ಟೆ ಕೊಯ್ಸಿಕೊಂಡು ಹೊಲಿಗೆ ಹಾಕಿಸಿಕೊಂಡವರು ಅದರ ಮೇಲೆ ಮಲಗುತ್ತಾರೆ. ಹೀಗಾಗಿ ಅವಳ ಪಾಲಿಗೆ ಜಗತ್ತಿನ ಕೇಡಿಗೆಲ್ಲ ತೇವವೇ ಮೂಲ. ಅಲ್ಲಿಯ ಹೆಂಗಸರು ಅವಳಿಗೆ ಗಂಜಿ ಅಕ್ಕ ಎಂದು ಹೆಸರಿಟ್ಟಿದ್ದಾರೆ. ಬಟ್ಟೆಗೆ ಹಾಕುವ ಗಂಜಿ ಅವಳ ಬೆನ್ನುಮೂಳೆಗೂ ಏರಿದೆ ಎಂಬುದು ಅವರ ಅಭಿಪ್ರಾಯ. ಎದುರಿಗೇ ಹಾಗೆ ಕರೆಯುತ್ತಾರೆ, ಅವಳು ಓಗೊಡುತ್ತಾಳೆ.

ಹೊಸ ವರ್ಷದ ಮೊದಲ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿ ಬಂದ ಈ ಹೆಂಗಸರಿಗೆ ಅತ್ತಿಗೆಯ ಮನೆಯಲ್ಲಿ ಫ್ರೆಂಚ್ ಟೋಸ್ಟ್. ಊರೆಲ್ಲ ಕುಣಿದು ಮಲಗಿರುವಾಗ ಬೇರೆಯವರ ಹಾಸಿಗೆ ಒಣಗಿಸಿದವರು ಅವತ್ತಾದರೂ ಮನೆಗೆ ಹೋಗಿ ಒಲೆ ಹಚ್ಚಬಾರದು ಎಂದು ಅವಳೇ ಮಾಡಿಕೊಂಡ ಕಟ್ಟಳೆ. ಆ ಟೋಸ್ಟಿಗೂ ಇಸ್ತ್ರಿ ಕೋಣೆಯ ಶಿಸ್ತೇ. ಬೇಕರಿಯಿಂದ ಕೊಯ್ಯದ ಬ್ರೆಡ್ಡು ತಂದು, ಹೆಬ್ಬೆರಳ ದಪ್ಪಕ್ಕೆ ತಾನೇ ಕೊಯ್ದು, ಊಟದ ಮೇಜಿನ ಮೇಲೆ ತಂತಿಯ ಜಾಲರಿಗಳಲ್ಲಿ ಹರಡಿ, ಏನೂ ಮುಚ್ಚದೆ ರಾತ್ರಿಯಿಡೀ ಗಾಳಿಗೆ ಬಿಡುತ್ತಾಳೆ. ಹಸಿ ಬ್ರೆಡ್ಡನ್ನು ಹಾಲು ಮೊಟ್ಟೆಯಲ್ಲಿ ಅದ್ದಿದರೆ ಮುದ್ದೆಯಾಗಿ ಕೈಗೇ ಬರುತ್ತದೆ. ಒಣಗಿದ್ದು ಹೊಟ್ಟೆ ತುಂಬ ಕುಡಿದೂ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಸಣ್ಣ ಉರಿ, ಬೆಣ್ಣೆ, ತಾಳ್ಮೆ. ಅಂಥ ಟೋಸ್ಟನ್ನು ನಾನು ಬೇರೆಲ್ಲೂ ತಿಂದಿಲ್ಲ. ಇದನ್ನು ನ್ಯಾಯ ತಪ್ಪಬಾರದೆಂದು ಹೇಳುತ್ತಿದ್ದೇನೆ. ನಾನು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿರುವವಳು. ಕಿತ್ತಳೆ ಸುಲಿಯುವುದು ಪ್ರತಿ ವರ್ಷ ನನ್ನ ಪಾಲಿನ ಕೆಲಸ. ನಾನು ಸುಲಿದದ್ದನ್ನು ಅವಳು ಮತ್ತೆ ಸುಲಿಯುತ್ತಾಳೆ. ಬಿಳಿ ನಾರು ಉಳಿದಿರುತ್ತದಂತೆ.

ಈ ಮನೆಗೆ ಕಳೆದ ವರ್ಷ ಸೊಸೆ ಬಂದಳು. ಪಿಂಗಾಣಿ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಕಪ್ಪುಗಳಿಗೆ ಹಿಡಿ ಅಂಟಿಸುವುದು ಅವಳ ಕಸುಬು. ಅಲ್ಲಿಯ ಶಾಸ್ತ್ರ ಇಲ್ಲಿಯದಕ್ಕೆ ತಲೆಕೆಳಗು. ಹಸಿ ಮಣ್ಣು ಬೇಗ ಒಣಗಿದರೆ ಸೀಳುತ್ತದೆ. ಹಿಡಿ ತೆಳ್ಳಗಿರುವುದರಿಂದ ಮೊದಲು ಒಣಗಿ, ಅಂಟಿದ ಕಡೆಯೇ ಕಿತ್ತುಬರುತ್ತದೆ. ಆದ್ದರಿಂದ ಸಂಜೆ ಮನೆಗೆ ಹೊರಡುವ ಮುಂಚೆ ಪ್ರತಿಯೊಂದಕ್ಕೂ ಒದ್ದೆ ಬಟ್ಟೆ ಹೊದಿಸಬೇಕು, ಹಿಡಿಯ ಕಡೆ ಎರಡು ಪದರ ಬರುವ ಹಾಗೆ. ಈ ಮನೆಯಲ್ಲಿ ತನ್ನ ಮೊದಲ ಹೊಸ ವರ್ಷಕ್ಕೆ ಒಂದು ವಾರವಿರುವಾಗ, ತಿಂಡಿಗೆ ಬರುವವರಿಗೆಂದು ಅವಳು ಮಣ್ಣು ತಂದು, ಹಿಂದಿನ ಬಾಲ್ಕನಿಯ ಹಲಗೆಯ ಮೇಲೆ ಒಂದು ಸಾಲು ದೊಡ್ಡ ಕಪ್ಪು ಮಾಡಿಟ್ಟು, ಒದ್ದೆ ಬಟ್ಟೆ ಹೊದಿಸಿ ಕೆಲಸಕ್ಕೆ ಹೋದಳು. ಮನೆಯಲ್ಲಿ ಒದ್ದೆ ಬಟ್ಟೆ ಬಿದ್ದಿರುವುದನ್ನು ಅತ್ತಿಗೆ ಕಂಡಳು. ಕಂಡ ಮೇಲೆ ಕೇಳಬೇಕೆ? ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಅಲಮಾರಿಗೆ ಸೇರಿಸಿದಳು. ಸೊಸೆ ಬರುವಷ್ಟರಲ್ಲಿ ಹಿಡಿಗಳೆಲ್ಲ ಕಪ್ಪು ಬಿಟ್ಟು ಬಿದ್ದಿದ್ದವು.

ಅತ್ತಿಗೆ ಆ ಚೂರುಗಳನ್ನು ತಾನೇ ಗುಡಿಸಿದಳು.

ಮಾರನೆಯ ದಿನ ಸೊಸೆ ಮೆಟ್ಟಿಲ ಮೇಲೆ ನನ್ನನ್ನು ತಡೆದಳು. ಮನೆಯಲ್ಲಿ ಇಬ್ಬರು ಅತ್ತೆಯರಾದ್ದರಿಂದ ನಾನು ಅವಳಿಗೆ ಮೇಲಿನತ್ತೆ. "ಮೇಲಿನತ್ತೆ, ನಾನೊಂದು ಚಮಚ ಎತ್ತಿಟ್ರೂ ಅದು ಬೇರೆ ಕಡೆ ಹೋಗಿ ಕೂತಿರುತ್ತೆ. ಬೈದ್ರೆ ತಡ್ಕೋತೀನಿ. ನನ್ನ ಕೈ ಆಡಿದ ಗುರುತೇ ಉಳಿಯದ ಮನೇಲಿ ನಾನು ಹೇಗಿರ್ಲಿ?" ಕಾರ್ಖಾನೆಯ ಹತ್ತಿರ ಒಂದು ರೂಮು ಖಾಲಿ ಇದೆಯಂತೆ. ಇನ್ನೊಂದೇ ಒಂದು ಕಪ್ಪು ಮಾಡಿ ಹಲಗೆಯ ಮೇಲೆ ಇಟ್ಟಿದ್ದಾಳಂತೆ. ಅದಕ್ಕೂ ಇದೇ ಗತಿಯಾದರೆ ಗಂಡನನ್ನು ಕರೆದುಕೊಂಡು ಹೊರಡುವವಳೇ. ಗಂಡ, ಅಂದರೆ ನನ್ನ ಅಣ್ಣನ ಮಗ, ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿದ್ದ. ಒಂದು ಕಪ್ಪಿಗಾಗಿ ಯಾರೂ ಮನೆ ಬಿಡುವುದಿಲ್ಲ ಎಂದು ನಾನು ಹೇಳಿದೆ. ಬಿಡುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೊಸ ವರ್ಷದ ಬೆಳಗ್ಗೆ ನಾನು ಕಿತ್ತಳೆಯ ಚೀಲ ಹಿಡಿದು ಕೆಳಗೆ ಇಳಿದಾಗ ಅಡುಗೆಮನೆಯಲ್ಲಿ ಸದ್ದೇ ಇರಲಿಲ್ಲ. ಹಾಲು, ಮೊಟ್ಟೆ, ಸಕ್ಕರೆ, ಚಕ್ಕೆಪುಡಿ, ಚಿಟಿಕೆ ಉಪ್ಪು ಕದಡಿದ ದೊಡ್ಡ ಪಾತ್ರೆ ಒಲೆಯ ಪಕ್ಕದಲ್ಲಿತ್ತು. ಅಣ್ಣ ಪತ್ರಿಕೆಯನ್ನು ಮುಖದ ಮುಂದೆ ಹಿಡಿದಿದ್ದ. ಅತ್ತಿಗೆ ಊಟದ ಮೇಜಿನ ಮುಂದೆ ನಿಂತಿದ್ದಳು. ಜಾಲರಿಗಳ ಮೇಲೆ, ಬ್ರೆಡ್ಡಿನ ಮೈಗೆ ಅಂಟಿಕೊಂಡ ಹಾಗೆ, ಒದ್ದೆಯಾದ ಬಿಳಿ ಬಟ್ಟೆ. ಅದು ಅವಳೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆ.

ಒಂದು ಮೂಲೆ ಎತ್ತಿ, ಒಂದು ತುಂಡು ತೆಗೆದು ಕೆನ್ನೆಗೆ ಒತ್ತಿ ನೋಡಿದಳು. ನೋಡಬೇಕಾದ ಅಗತ್ಯವಿರಲಿಲ್ಲ.

"ಯಾರು ಹೊದಿಸಿದ್ದು ಇದನ್ನ?"

ಸೊಸೆ ಬಾಗಿಲಲ್ಲಿದ್ದಳು. "ನಾನೇ ಅತ್ತೆ. ಮಲಗೋ ಮುಂಚೆ ನೀರು ಕುಡಿಯೋಕೆ ಬಂದೆ. ಎಲ್ಲ ಹಾಗೇ ತೆರೆದಿತ್ತು, ಒಣಗಿಹೋಗುತ್ತಲ್ಲ ಅಂತ..."

"ಒಣಗಲಿ ಅಂತಾನೇ ಇಟ್ಟಿದ್ದು."

ಅಣ್ಣ ಪತ್ರಿಕೆಯ ಹಿಂದಿನಿಂದ, "ಅವಳ ಬಟ್ಟೆ ನೀನು ತೆಗೆದೆ, ನಿನ್ನ ಬ್ರೆಡ್ಡಿಗೆ ಅವಳು ಹೊದಿಸಿದ್ಲು. ಸರಿಗೆ ಸರಿ ಆಯ್ತು ಬಿಡು" ಅಂದ. ಹೊತ್ತು ಗೊತ್ತು ನೋಡದೆ ಬಾಯಿ ಬಿಡುವುದರಲ್ಲಿ ನನ್ನ ಅಣ್ಣನನ್ನು ಮೀರಿಸಿದವರಿಲ್ಲ. ಸೊಸೆಯ ಮುಖ ಬಿಳಿಚಿತು. ತಾನು ಮಾಡಿದ್ದು ಸೇಡಿನ ಹಾಗೆ ಕಾಣಬಹುದೆಂದು ಅವಳಿಗೆ ಆವರೆಗೆ ಹೊಳೆದೇ ಇರಲಿಲ್ಲ. ಹಗಲೆಲ್ಲ ಹಸಿ ಮಣ್ಣಿಗೆ ಬಟ್ಟೆ ಹೊದಿಸುವ ಕೈ. ಸಾಲಾಗಿ ಏನೋ ತೆರೆದಿಟ್ಟಿದ್ದು ಕಂಡಾಗ ತಾನಾಗಿ ಹೋಗಿ ಹೊದಿಸಿತ್ತು.

"ಹಾಗಲ್ಲ ಮಾವ," ಅಂದಳು.

ಅಂಗಡಿಗಳು ಮುಚ್ಚಿದ್ದವು. ಹೆಂಗಸರು ಆಸ್ಪತ್ರೆಯಿಂದ ಹೊರಟಾಗಿರಬೇಕು. ಅತ್ತಿಗೆ ಈಗ ಸೊಸೆಯನ್ನು ಪಕ್ಕಕ್ಕೆ ಸರಿಸಿ, ತುಟಿ ಬಿಗಿಹಿಡಿದು, ಎಲ್ಲವನ್ನೂ ಒಬ್ಬಳೇ ಮೊದಲಿಂದ ಮಾಡುತ್ತಾಳೆ, ಮಧ್ಯಾಹ್ನಕ್ಕೆ ರೂಮು ನೋಡಲು ಇವರು ಹೊರಡುತ್ತಾರೆ ಎಂದು ನಾನು ಲೆಕ್ಕ ಹಾಕಿದೆ.

"ನೀವು ಪೇಪರ್ ಓದಿ," ಎಂದು ಅತ್ತಿಗೆ ಅಣ್ಣನಿಗೆ ಹೇಳಿದಳು. ಆಮೇಲೆ ಸೊಸೆಯ ಕಡೆ ನೋಡದೆಯೇ, "ಮಣ್ಣು ತೀರಾ ಒದ್ದೆ ಆದ್ರೆ ನೀವು ಏನು ಮಾಡ್ತೀರಿ?" ಅಂದಳು.

ಅವಳು ಯಾರನ್ನಾದರೂ ಹೀಗೆ ಕೇಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಸೊಸೆ ಬಾಗಿಲು ಬಿಟ್ಟು ಒಳಗೆ ಬಂದಳು.

"ಉರಿ ಮೇಲೆ ಇಡಲ್ಲ ಅತ್ತೆ. ಭಟ್ಟಿ ಆರಿಸಿ, ಬಾಗಿಲು ಸ್ವಲ್ಪ ತೆರೆದು, ಉಳಿದ ಕಾವಲ್ಲಿ ಇಡ್ತೀವಿ. ಆಗಾಗ ಮಗುಚಬೇಕು."

ಮನೆಯ ಓವನ್ನು ಅತ್ತಿಗೆಗೆ ಬಾಣಲೆಗಳನ್ನು ಇಡುವ ಜಾಗವಾಗಿತ್ತು. ಅವನ್ನೆಲ್ಲ ಇಬ್ಬರೂ ಹೊರಗೆ ತೆಗೆದು, ಓವನ್ನು ಬಿಸಿ ಮಾಡಿ, ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿದರು. ಸೊಸೆ ಬ್ರೆಡ್ಡಿನ ತುಂಡುಗಳನ್ನು ಜೋಡಿಸಿದಳು. ಅವಳು ಅತ್ತ ತಿರುಗಿದ ಕೂಡಲೇ ಅತ್ತಿಗೆ ಅವನ್ನು ಬೇರೆ ರೀತಿ ಜೋಡಿಸಿದಳು. ಹುಟ್ಟುಗುಣ ಒಂದೇ ಬೆಳಗ್ಗೆ ಹೋಗುವಂಥದ್ದಲ್ಲ. ಸೊಸೆ ಅದನ್ನು ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು.

ಟೋಸ್ಟು ಎಂದಿನಂತೆ ಆಗಲಿಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಕೆಲವು ಮಗುಚುವಾಗ ಸೊಂಟ ಮುರಿದುಕೊಂಡವು. ರಾತ್ರಿಯಿಡೀ ನಿಂತು ಬಂದ ಹೆಂಗಸರು ಚಪ್ಪಲಿ ಬಿಟ್ಟು, ಕಾಲು ಚಾಚಿ, ಜೇನುತುಪ್ಪ ಸುರಿದುಕೊಂಡು ತಿಂದರು. ದೊಡ್ಡ ಉರುಳೆ ನಡೆಸುವವಳು, ಬಾಯಿಗೆ ಬಂದದ್ದನ್ನು ನುಂಗಿ ಗೊತ್ತಿಲ್ಲದವಳು, ತನ್ನ ತುಂಡನ್ನು ಎತ್ತಿ ಹಿಡಿದಳು. ಅದು ನಡುವೆ ಬಾಗಿತು.

"ಗಂಜಿ ಅಕ್ಕ, ಈ ಸಲ ಗಂಜಿ ಕಮ್ಮಿ ಆಗಿದೆ."

ಮನೆ ತುಂಬ ನಗು. ಸೊಸೆ ತಟ್ಟೆಯ ಕಡೆ ನೋಡುತ್ತ ಕೂತಳು. ತಪ್ಪು ತನ್ನದೆಂದು ಹೇಳಲು ಬಾಯಿ ತೆರೆಯುತ್ತಿದ್ದಳೇನೋ. ಅಷ್ಟರಲ್ಲಿ ಅತ್ತಿಗೆ, "ನನಗೆ ವಯಸ್ಸಾಯ್ತು, ಈಗ ಮೆತ್ತಗೇ ಇರ್ಲಿ," ಎಂದು ಹೇಳಿ ಸೊಸೆಯ ತಟ್ಟೆಗೆ ಇನ್ನೊಂದು ಹಾಕಿ ಬಾಣಲೆಯ ಕಡೆ ಹೋದಳು. ಅವಳ ಬಾಯಲ್ಲಿ ಹಾಸ್ಯ ಬರುವುದು ಅಪರೂಪ. ಹಾಸ್ಯವೋ ಅಲ್ಲವೋ ಎಂದು ತಿಳಿಯದೆ ಎಲ್ಲರೂ ಸ್ವಲ್ಪ ತಡವಾಗಿ ನಕ್ಕರು.

ಎರಡನೆಯ ಸುತ್ತು ಚಹಾ ನಡೆದಾಗ ನಾನು ಕಿತ್ತಳೆ ಸಿಪ್ಪೆ ಹಾಕಲು ಹಿಂದಿನ ಬಾಲ್ಕನಿಗೆ ಹೋದೆ. ಒಳಗೆ ಸೊಸೆ ಉರುಳೆಯವಳ ಜೊತೆ ಮಾತಿಗೆ ಸಿಕ್ಕಿಕೊಂಡಿದ್ದಳು. ಬೆಳಗಿನಿಂದ ಓವನ್ನಿನ ಗಡಿಬಿಡಿಯಲ್ಲಿ ತನ್ನ ಕಪ್ಪನ್ನು ಮರೆತೇಬಿಟ್ಟಿದ್ದಳು. ಹೊರಗೆ ಚಳಿಗಾಳಿ, ಚುರುಕು ಬಿಸಿಲು. ಅತ್ತಿಗೆ ನನಗೆ ಬೆನ್ನು ಹಾಕಿ ಹಲಗೆಯ ಮುಂದೆ ನಿಂತಿದ್ದಳು.

ಕಪ್ಪಿನ ಮೇಲಿದ್ದ ಬಟ್ಟೆಯನ್ನು ತೆಗೆದು ಕೆನ್ನೆಗೆ ಒತ್ತಿದಳು. ಒಣಗಿರಬೇಕು. ನಲ್ಲಿಗೆ ಒಯ್ದು ನೆನೆಸಿ, ಹಿಂಡಿ, ಕೊಡವಿ, ಸೊಸೆ ಹೊದಿಸಿದ್ದ ಹಾಗೆಯೇ ಮತ್ತೆ ಕಪ್ಪಿಗೆ ಹೊದಿಸಿದಳು. ಹಿಡಿಯ ಕಡೆ ಎರಡು ಪದರ ಬರುವ ಹಾಗೆ. ಅದರಿಂದ ಬಟ್ಟೆ ಒಂದು ಕಡೆ ಎಳೆದುಕೊಂಡು, ಒಂದು ಮೂಲೆ ಹಲಗೆಯಿಂದ ಕೆಳಗೆ ಸೊಟ್ಟಗೆ ಜೋತುಬಿತ್ತು.

ಅದನ್ನು ನೇರ ಮಾಡಲು ಅವಳ ಕೈ ಹೋಯಿತು. ಮೂಲೆಯನ್ನು ಮುಟ್ಟಿತು ಕೂಡ. ಆಮೇಲೆ ಬಿಟ್ಟುಬಿಟ್ಟು, ಒದ್ದೆಯಾದ ಆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.