ಹೊಸ್ತಿಲ ಬಳಿಯ ಒಡಕು ಹಂಚು

ಕೆಳಗಿನ ಕೋಣೆಯ ಹೊಸ್ತಿಲು ದಾಟುವಾಗ ನನ್ನ ಬಲಗಾಲಿನ ಹೆಬ್ಬೆರಳು ಇಂದಿಗೂ ತಾನಾಗಿಯೇ ನೆಲವನ್ನು ತಡವುತ್ತದೆ. ಅಲ್ಲೊಂದು ಒಡಕು ಹಂಚು, ಅದರಲ್ಲೊಂದು ಪುಟ್ಟ ಗುಂಡಿ. ಆ ಗುಂಡಿಯ ಕತೆಯನ್ನು, ಮಿತ್ರರೇ, ನಿಮಗಲ್ಲದೆ ಇನ್ನಾರಿಗೂ ಹೇಳುವ ಮುಖ ನನಗಿಲ್ಲ.

ಮಣಿಪಾಲದ ಇಳಿಜಾರಿನಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು; ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು, ಹತ್ತು ಮೆಟ್ಟಿಲು ಇಳಿದರೆ ಅರ್ಧ ಮಣ್ಣಿನೊಳಗೆ ಹುದುಗಿದ, ಬೇಸಿಗೆಯಲ್ಲೂ ತಣ್ಣಗಿರುವ ಇನ್ನೊಂದು ಉದ್ದನೆಯ ಕೋಣೆ. ನೆಲಕ್ಕೆ ಹಾಸಿದ ಕೆಂಪು ಹಂಚುಗಳು ಮಳೆಗಾಲದ ತೇವಕ್ಕೆ ಸೀಳಿ, ಚಕ್ಕೆಯೆದ್ದು, ಕೆಲವು ಅಲುಗುತ್ತಲೂ ಇದ್ದವು. ನನ್ನ ತಾಯಿಯ ಅಕ್ಕ, ಕಣ್ಣು ಕಾಣದ ದೊಡ್ಡಮ್ಮ, ಅಲ್ಲಿ ವಾಸ. ಕೋಲಿಲ್ಲದೆ, ಗೋಡೆ ಮುಟ್ಟದೆ, ಸರಸರನೆ ಓಡಾಡುತ್ತಿದ್ದರು. ಅದು ಹೇಗೆಂದು ನಾನು ಒಂದು ದಿನವೂ ಯೋಚಿಸಿದವನಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾಲೇಜಿನಲ್ಲಿ ನನಗೆ ಆಗಷ್ಟೇ ಬಡ್ತಿ ಸಿಕ್ಕಿತ್ತು, ಅದರ ಜೊತೆಗೆ ಒಂದಿಷ್ಟು ಜಂಬವೂ. ಸತ್ಯನಾರಾಯಣ ಪೂಜೆಗೆ ಸಹೋದ್ಯೋಗಿಗಳನ್ನು ಕರೆದ ಮೇಲೆ ಹೊಳೆಯಿತು: ಊಟದ ಪಂಕ್ತಿ ಕೆಳಗಿನ ಕೋಣೆಯಲ್ಲಿ! ನೆಲದ ಮೇಲೆ ಕುಳಿತು ಉಣ್ಣುವವರಿಗೆ ಎಲೆಯಾಚೆ ಕಾಣುವುದು ನೆಲವಲ್ಲದೆ ಇನ್ನೇನು? ದೊಡ್ಡಮ್ಮನನ್ನು ಒಂದು ವಾರ ಕಾಪುವಿನಲ್ಲಿದ್ದ ಅವರ ಮಗಳ ಮನೆಗೆ ಕಳುಹಿಸಿ, ಗುಂಡಿಗಳ ಗುರುತೇ ಉಳಿಯದಂತೆ ಸಿಮೆಂಟು ಮೆತ್ತಿಸಿ, ಉಡುಪಿಯಿಂದ ತಂದ ನೀಲಿ ಹೂವಿನ ನುಣುಪು ಲಿನೋಲಿಯಂ ಹಾಸನ್ನು ಹರಡಿಬಿಟ್ಟೆ.

ಪೂಜೆಯ ಬೆಳಗ್ಗೆ ಮರಳಿದ ದೊಡ್ಡಮ್ಮ ಹೊಸ್ತಿಲು ದಾಟಿದವರೇ ನಿಂತರು. ಒಂದು ಕಾಲು ಮುಂದಿಟ್ಟು ಹಿಂದಕ್ಕೆಳೆದುಕೊಂಡರು. “ಎಂತ ಮಗಾ, ನೆಲ ಎಲ್ಲಿ ಹೋಯಿತು?” ನಾನು ನಕ್ಕು, ಕೈಹಿಡಿದು, ಮೂಲೆಯ ಸ್ಟೂಲಿನ ಮೇಲೆ ಕೂರಿಸಿದೆ.

ಪಂಕ್ತಿಯಲ್ಲಿ ಕುಳಿತ ವಿಭಾಗದ ಮುಖ್ಯಸ್ಥರು ನೆಲವನ್ನು ಹೊಗಳಿದಾಗ ನನ್ನ ಹಾಳು ನಾಲಗೆ ಸುಮ್ಮನಿರಲಿಲ್ಲ. “ದೊಡ್ಡಮ್ಮ ಎಡವುತ್ತಿದ್ದರು ಸಾರ್, ಅವರಿಗಾಗಿಯೇ ಹಾಕಿಸಿದ್ದು” ಎಂದೆ. ಎಂದೂ ಎಡವದ ದೊಡ್ಡಮ್ಮ ಮೂಲೆಯಿಂದ ಹೇಳಿದರು: “ಹೌದು, ಅವನಿಗೆ ನನ್ನ ಮೇಲೆ ತುಂಬಾ ಪ್ರೀತಿ ಉಂಟು.”

ಎಲ್ಲರೂ ಹೊರಟ ಮೇಲೆ ಮೆಲ್ಲನೆ ಕೇಳಿದರು: “ಬಂದವರು ಹೋದರಲ್ವಾ? ಇನ್ನು ಇದನ್ನು ತೆಗೆಯಬಹುದಾ ಮಗಾ? ಕಾಲಿಗೆ ಒಡಕು ಹಂಚು ಸಿಕ್ಕಿದರೆ ಬಾಗಿಲು, ಅಲುಗುವ ಹಂಚು ಸಿಕ್ಕಿದರೆ ನೀರಿನ ಕೊಡ. ಈಗ ಒಂದೂ ಗೊತ್ತಾಗುವುದಿಲ್ಲ.” ನಾಚಿಕೆಯಿಂದ ಕುಗ್ಗಿಹೋದೆ.

ಹಾಸನ್ನೇನೋ ಕಿತ್ತೆ, ಸಿಮೆಂಟನ್ನು ಕೀಳುವುದು ಹೇಗೆ? ಮರುದಿನ ಉಳಿ, ಸುತ್ತಿಗೆ ಹಿಡಿದು ಮಂಡಿಯೂರಿದೆ. ದೊಡ್ಡಮ್ಮ ಸ್ಟೂಲಿನಿಂದಲೇ, “ಸ್ವಲ್ಪ ಆಚೆ... ಅಷ್ಟು ಆಳ ಬೇಡ ಮಾರಾಯ” ಎನ್ನುತ್ತಿದ್ದರು. ಹತ್ತಾರು ಮಳೆಗಾಲಗಳು ಮಾಡಿದ್ದನ್ನು ಒಂದು ಬೆಳಗಿನಲ್ಲಿ ಮಾಡಹೊರಟ ಪೆದ್ದ ನಾನು! ಕೊನೆಗೆ ಅವರು ಎದ್ದು ಬಂದು, ಹೊಸ್ತಿಲ ಬಳಿಯ ಗುಂಡಿಯನ್ನು ಹೆಬ್ಬೆರಳಿನಿಂದ ತಡವಿ, “ಹಾಂ, ಇದೇ. ಸರಿಯಾಯಿತು” ಎಂದಾಗ ಎದೆ ಹಗುರವಾಯಿತು.

ಹಗುರವಾದದ್ದು ಮರುದಿನದವರೆಗೆ ಮಾತ್ರ. ಬೆಳಗ್ಗೆ ಕಾಫಿ ಲೋಟ ಹಿಡಿದು ಇಳಿದಾಗ ದೊಡ್ಡಮ್ಮ ಎರಡೂ ಕೈಗಳಿಂದ ಗೋಡೆ ತಡಕುತ್ತಾ ಬಾಗಿಲು ಹುಡುಕುತ್ತಿದ್ದರು. ನನ್ನ ಹೆಜ್ಜೆಯ ಸದ್ದು ಕೇಳಿದೊಡನೆ ಕೈ ತೆಗೆದು, ಏನೂ ಆಗದವರಂತೆ ನೆಟ್ಟಗೆ ನಿಂತರು.

ಅವರು ತೀರಿಕೊಂಡು ವರ್ಷಗಳಾದವು. ಈಗ ನನ್ನ ಹೆಬ್ಬೆರಳಿಗೆ ಸಿಗುವುದು ನಾನು ಕೊರೆದ ಗುಂಡಿ. ಅವರದ್ದು ಎಲ್ಲಿತ್ತೆಂದು, ಕಣ್ಣಿದ್ದ ನಾನು, ನೋಡಿಟ್ಟುಕೊಂಡೇ ಇರಲಿಲ್ಲ.