ದೇವಿ ಹಾಕಿಸಿಕೊಂಡವರ ಪಟ್ಟಿ

ನನಗಿರುವುದು ಒಂದೇ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಇನಿಷಿಯಲ್ಲನ್ನು ಬಿಡಿಸಿ ಬರೆಸಬೇಕೆಂದು ಮೈಸೂರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಟೆಕ್ಸಸ್ಸಿಗೆ ಬಂದ ಮೇಲೆ ನನ್ನ ಲೈಸೆನ್ಸಿನಲ್ಲಿ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ಬಂದು ಕೂತವು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸು ಇವತ್ತಿಗೂ ಬಾಗಿಲಲ್ಲಿ ನಿಂತು "ಫ್ನೂ" ಎಂದು ಕರೆಯುತ್ತಾಳೆ, ನಾನು ಎದ್ದು ಹೋಗುತ್ತೇನೆ. ನಾನು ಮಾಡಿದ ತಪ್ಪಿಗೆ ಇದು ಸಮರ್ಥನೆಯಲ್ಲ. ಆದರೆ ಇದನ್ನು ಹೇಳದೆ ಆ ತಪ್ಪು ಅರ್ಥವಾಗುವುದಿಲ್ಲ.

ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಆಫೀಸಿನಲ್ಲಿ ಬಹಳ ವರ್ಷ ಫ್ರಂಟ್ ಡೆಸ್ಕ್ ನೋಡಿಕೊಂಡು ನಿವೃತ್ತರಾದ ಹೆಂಗಸೊಬ್ಬರಿದ್ದಾರೆ. ಎಂಬತ್ತರ ಹತ್ತಿರದ ವಯಸ್ಸು, ಒಂಟಿ. ನಮ್ಮ ಮನೆಯಲ್ಲಿ ಅವರನ್ನು ಆಫೀಸ್ ಅಜ್ಜಿ ಎನ್ನುತ್ತೇವೆ. ಅವರಿಗೆ ಮೂರು ಹೆಸರು, ಅದರಲ್ಲಿ ಎರಡು ಮನೆತನದ್ದು. ಪಿಜ್ಜಾ ಆರ್ಡರ್ ಮಾಡುವಾಗಲೂ ಮೂರನ್ನೂ ಹೇಳುತ್ತಾರೆ. ಅವರ ಮುತ್ತಜ್ಜನ ತಾತ ಈ ದೇಶ ಹುಟ್ಟಿದ ಹೊಸತರಲ್ಲಿ ಪೂರ್ವ ಕರಾವಳಿಯ ಕಡೆ ವಕೀಲರಾಗಿದ್ದರಂತೆ, ಕಾಂಗ್ರೆಸ್ಸಿಗೂ, ಅಂದರೆ ಇಲ್ಲಿನ ಸಂಸತ್ತಿಗೂ, ಆರಿಸಿ ಹೋಗಿದ್ದರಂತೆ. ಅಜ್ಜಿಗೆ ಉಳಿದಿದ್ದ ಆಸೆ ಒಂದೇ. ವಸಂತದಲ್ಲಿ ಆಸ್ಟಿನ್ನಿನಲ್ಲಿ ಮನೆತನದವರೆಲ್ಲ ಸೇರುವ ಊಟಕ್ಕೆ ಆ ವಕೀಲರಿಂದ ಇಲ್ಲಿಯವರೆಗಿನ ವಂಶವೃಕ್ಷವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಬೇಕು.

"ನಿನಗೆ ಕಂಪ್ಯೂಟರ್ ಬರುತ್ತಲ್ಲ" ಎಂದು ಒಂದು ಪೆಟ್ಟಿಗೆ ತುಂಬ ಜೆರಾಕ್ಸ್ ಪ್ರತಿಗಳನ್ನು ನನ್ನ ಕೈಗಿಟ್ಟರು. ನಮ್ಮ ಕಡೆಯವರಿಗೆ ಇಲ್ಲಿ ಇದು ತಪ್ಪಿದ್ದಲ್ಲ. ಸಾಫ್ಟ್‌ವೇರ್ ಎಂದರೆ ಪ್ರಿಂಟರ್ ರಿಪೇರಿಯೂ ಬರಬೇಕು, ವಂಶೋದ್ಧಾರವೂ ಬರಬೇಕು.

ಲಿಟಲ್ ಎಲ್ಮ್‌ನ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಪೆಟ್ಟಿಗೆ ಎರಡು ತಿಂಗಳು ಕೂತಿತ್ತು.

"ನಿಮ್ಮ ತಾತನ ಅಪ್ಪನ ಹೆಸರು ಹೇಳು ನೋಡೋಣ" ಎಂದು ಗಂಡ ರೇಗಿಸಿದರು. ನನಗೆ ಬರಲಿಲ್ಲ. "ಮನೇದು ಗೊತ್ತಿಲ್ಲ, ಊರೋರದ್ದೆಲ್ಲಾ ಬೇಕು ನಿಂಗೆ" ಎಂದು ನಕ್ಕು ಒಳಗೆ ಹೋದರು.

ಪೆಟ್ಟಿಗೆಯಲ್ಲಿ ವಕೀಲರ ಕೈಬರಹದ್ದೇ ಒಂದು ಹಾಳೆಯಿತ್ತು. ಸಿಡುಬು ಬಂದ ವರ್ಷ ಬರೆದದ್ದು. "ನನ್ನ ಕುಟುಂಬದಲ್ಲಿ ದೇವಿ ಹಾಕಿಸಿಕೊಂಡವರು" ಎಂಬರ್ಥದ ತಲೆಬರಹ (ಸಿಡುಬು ಬರದಂತೆ ಚುಚ್ಚಿಸಿಕೊಳ್ಳುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಿದ್ದರು), ಕೆಳಗೆ ಹದಿನೆಂಟು ಹೆಸರು, ಪಕ್ಕದಲ್ಲಿ ವಯಸ್ಸು. ಮೊದಲು ಹೆಂಡತಿ, ನಾಲ್ಕು ಮಕ್ಕಳು, ಆಮೇಲೆ ಇನ್ನೂ ಹದಿಮೂರು ಜನ. ಆ ಹದಿಮೂರು ಜನರಿಗೂ ಒಂದೊಂದೇ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ನನಗದು ವಿಚಿತ್ರ ಅನಿಸಲೇ ಇಲ್ಲ. ಒಂದೇ ಹೆಸರಿನವಳಿಗೆ ಒಂದೇ ಹೆಸರಿನವರು ಯಾಕೆ ವಿಚಿತ್ರ ಅನಿಸಬೇಕು? ಕೂಡು ಕುಟುಂಬ ಅಂದುಕೊಂಡೆ. ನಮ್ಮ ತಾತನಿಗೆ ಹನ್ನೊಂದು ಮಕ್ಕಳು, ಜೊತೆಗೆ ಮನೆ ತುಂಬ ಅಕ್ಕನ ಮಕ್ಕಳು, ತಂಗಿಯ ಮಕ್ಕಳು. ಹದಿಮೂರು ಜನರಲ್ಲಿ ಚಿಕ್ಕವರನ್ನೆಲ್ಲ ವಕೀಲರ ಮಕ್ಕಳೆಂದು ವೃಕ್ಷಕ್ಕೆ ಸೇರಿಸಿದೆ, ದೊಡ್ಡವರನ್ನು ನೆಂಟರೆಂದೆ. ಸಂಬಂಧಿಕರು ನೋಡಲಿ ಎಂದು ಅದನ್ನೆಲ್ಲ ಒಂದು ವೆಬ್‌ಸೈಟಿಗೆ ಅಪ್‌ಲೋಡ್ ಮಾಡಿದೆ. ಪರದೆಯ ಮೇಲೆ ಓದಿದರೆ ಕಣ್ಣು ನೋಯುತ್ತದೆ, ಕಾಗದದಲ್ಲಿ ಬಂದ ಮೇಲೆ ನೋಡುತ್ತೇನೆ ಎಂದರು ಅಜ್ಜಿ.

ಅಜ್ಜಿಗಿಂತ ಮೊದಲು ನೋಡಿದವರು ಹ್ಯೂಸ್ಟನ್ನಿನ ಒಬ್ಬ ಹೆಂಗಸು. ಕಪ್ಪು ಜನಾಂಗದವರು, ನಿವೃತ್ತ ಶಾಲಾ ಶಿಕ್ಷಕಿ. ವೆಬ್‌ಸೈಟಿನ ಮೂಲಕ ಉದ್ದನೆಯ ಸಂದೇಶ ಬರೆದಿದ್ದರು. ಆ ಪಟ್ಟಿಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ಇದ್ದಳಲ್ಲ, ಅವಳು ಅವರ ಅಜ್ಜಿಯ ಮುತ್ತಜ್ಜಿಯಂತೆ. ವಕೀಲರೇ ಅವಳ ತಂದೆ ಎಂದು ಅವರ ಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರಂತೆ. ವಕೀಲರ ಕಡೆಯವರಿಗೆ ಅವರು ಬರೆದ ಕಾಗದಗಳಿಗೆ ಒಂದು ಉತ್ತರವೂ ಬಂದಿಲ್ಲ. "ಕೊನೆಗೂ ನೀವು ಬರೆದಿರಿ. ನಿಮಗೆ ಯಾವ ಆಧಾರ ಸಿಕ್ಕಿತು?" ಎಂದು ಕೇಳಿದ್ದರು.

ನನ್ನ ಹತ್ತಿರ ಆಧಾರ ಎಲ್ಲಿತ್ತು? ಹೈಸ್ಕೂಲಿಗೆ ಹೋಗುವ ಮಗಳನ್ನು ಕರೆದು ಹಾಳೆ ತೋರಿಸಿದೆ. ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಅಮ್ಮಾ, ದೇ ಆರ್ ನಾಟ್ ಹಿಸ್ ಕಿಡ್ಸ್. ದೇ ಆರ್ ಸ್ಲೇವ್ಸ್."

"ಮತ್ತೆ ಕುಟುಂಬ ಅಂತ ಬರ್ದಿದಾನಲ್ಲೇ?"

"ದೇ ಆಲ್ ಸೆಡ್ ದಟ್." ಗುಲಾಮರನ್ನಿಟ್ಟುಕೊಂಡವರೆಲ್ಲ ಅವರನ್ನೂ ಸೇರಿಸಿ ಕುಟುಂಬ ಎಂದೇ ಬರೆಯುತ್ತಿದ್ದರಂತೆ.

ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಂಡವನ ಪಟ್ಟಿಯನ್ನು ನಾನು ನಮ್ಮ ತಾತನ ಮನೆಯ ಊಟದ ಪಂಕ್ತಿ ಎಂದು ಓದಿದ್ದೆ. ನನ್ನ ದಡ್ಡತನಕ್ಕೆ ನಾಚಿಕೆಯಾಯಿತು. ಹ್ಯೂಸ್ಟನ್ನಿಗೆ ಇದ್ದದ್ದು ಇದ್ದ ಹಾಗೆ ಬರೆದೆ: ಆಧಾರವಿಲ್ಲ, ತಿಳಿಯದೆ ಮಾಡಿದ ತಪ್ಪು. ಅವರ ಉತ್ತರದಲ್ಲಿ ಎರಡೇ ಸಾಲಿತ್ತು. "ತಪ್ಪಾಗಿಯಾದರೂ ಒಂದು ಸಲ ಬರೆದಿರಲ್ಲ. ಅಳಿಸುವುದಾದರೆ, ಮೊದಲು ಆ ಮನೆಯವರೇ ನನಗೆ ಫೋನ್ ಮಾಡಿ ಹೇಳಲಿ." ಕೆಳಗೆ ನಂಬರ್ ಇತ್ತು.

ಶನಿವಾರ ಕರಡು ಪ್ರತಿಯನ್ನು ಸುತ್ತಿಕೊಂಡು, ಪೆಟ್ಟಿಗೆಯನ್ನೂ ಎತ್ತಿಕೊಂಡು ಅಜ್ಜಿಯ ಮನೆಗೆ ಡ್ರೈವ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಪೆನ್ಸಿಲ್ ತೆಗೆದುಕೊಂಡರು. ಒಂದೊಂದೇ ಹೆಸರನ್ನು ಹೊಡೆದು ಹಾಕುತ್ತಾ ಬಂದರು. ಹನ್ನೆರಡು ಹೆಸರು ಹೋದವು. ಹುಡುಗಿಯ ಹೆಸರಿನ ಮೇಲೆ ಪೆನ್ಸಿಲ್ ನಿಂತಿತು.

"ಇದು ನಮ್ಮಜ್ಜಿಗೂ ಗೊತ್ತಿತ್ತು" ಎಂದರು. "ಅಡುಗೆಮನೇಲಿ ಒಂದು ಸಲ ಹೇಳಿದ್ರು. ಹೊರಗೆ ಬಾಯಿ ಬಿಡಬೇಡಿ ಅಂತಾನೂ ಹೇಳಿದ್ರು."

ಪೆನ್ಸಿಲನ್ನು ಕೆಳಗಿಟ್ಟರು.

"ಇದೊಂದು ಇರಲಿ. ಆದ್ರೆ ಯಾರಾದ್ರೂ ಕೇಳಿದ್ರೆ, ನಿನ್ನ ತಪ್ಪು ಅಂತ ಹೇಳು. ನಿಮ್ಮ ಕಡೆ ಒಂದೇ ಹೆಸರು ಅಲ್ವಾ, ನಂಬ್ತಾರೆ."

ನನಗೆ ಸಿಟ್ಟು ಬಂತು. ತಪ್ಪು ನನ್ನದು, ಒಪ್ಪಿದೆ. ಹಾಗೆಂದು ಅದನ್ನು ಇವರಿಗೆ ಬಾಡಿಗೆಗೆ ಕೊಡಬೇಕೆ? ಬೇರೆ ಯಾರಾಗಿದ್ದರೂ ಪೆಟ್ಟಿಗೆ ಅಲ್ಲೇ ಬಿಟ್ಟು ಬರುತ್ತಿದ್ದೆ. ಅಜ್ಜಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಹೊಡೆದು ಹಾಕಿದ ಹನ್ನೆರಡು ಹೆಸರನ್ನು ಗುಲಾಮರೆಂದೇ ಕೆಳಗೆ ಬೇರೆಯಾಗಿ ಅಚ್ಚು ಹಾಕಿಸುವುದಾದರೆ ತಪ್ಪು ನನ್ನದೆಂದು ಹೇಳುತ್ತೇನೆ ಎಂದೆ. ಆಗಲಿ ಎಂದರು. ಹ್ಯೂಸ್ಟನ್ನಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅದನ್ನು ನೋಡದೆಯೇ ಪರ್ಸಿಗೆ ಹಾಕಿಕೊಂಡರು.

ಆಸ್ಟಿನ್ನಿಗೆ ಅಜ್ಜಿಯನ್ನು ನಾನೇ ಕರೆದುಕೊಂಡು ಹೋದೆ. ಬಾರ್ಬೆಕ್ಯೂ ಹೋಟೆಲೊಂದರ ಹಿಂದಿನ ಹಾಲ್, ಮೂವತ್ತು ಮೂವತ್ತೈದು ಜನ. ಮಾಂಸ ತಿನ್ನದ ನಾನು ಉಪ್ಪಿನ ಸೌತೆಕಾಯಿ, ಬ್ರೆಡ್ಡು ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ. ಅಜ್ಜಿಯ ತಮ್ಮ ತಟ್ಟೆ ಹಿಡಿದುಕೊಂಡು ವೃಕ್ಷದ ಮುಂದೆ ಬಹಳ ಹೊತ್ತು ನಿಂತರು. ಅವರೂ ವಕೀಲಿ ಮಾಡಿದವರೇ.

"ವಕೀಲರಿಗೆ ನಾಲ್ಕು ಮಕ್ಕಳಲ್ವಾ? ಐದನೇದು ಯಾರು?" ಎಂದು ನನ್ನನ್ನು ಕೇಳಿದರು. ಸುತ್ತಲಿದ್ದವರು ತಿನ್ನುವುದನ್ನು ಬಿಟ್ಟು ನಮ್ಮ ಕಡೆ ತಿರುಗಿದರು.

"ಅದು ನನ್ನ..." ಎಂದು ಬಾಯಿ ತೆರೆದೆ.

"ಅವಳನ್ನ ಕೇಳಬೇಡ" ಎಂದರು ಅಜ್ಜಿ, ಕುರ್ಚಿಯಿಂದ ಏಳದೆ. "ನನ್ನ ಕೇಳು. ನಮ್ಮಜ್ಜಿ ಹೇಳಿದಾಗ ನೀನೂ ಅಡುಗೆಮನೇಲೇ ಇದ್ದೆ."

ತಮ್ಮ ಇಲ್ಲ ಎನ್ನಲಿಲ್ಲ. ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟು ಹೊರಗೆ ಹೋದರು. ಅವರ ಹಿಂದೆ ಇನ್ನೂ ಇಬ್ಬರು ಎದ್ದರು. ಉಳಿದವರು ತಿನ್ನುವುದನ್ನು ಮುಂದುವರಿಸಿದರು.

ಅಜ್ಜಿ ಪರ್ಸಿನಿಂದ ಚೀಟಿ ತೆಗೆದು ನನ್ನ ಫೋನ್ ಕೇಳಿದರು. ನಂಬರ್ ಒತ್ತಿಕೊಟ್ಟೆ. ಎರಡು ರಿಂಗಿಗೆ ಆ ಕಡೆ ಎತ್ತಿದರು, ಯಾರು ಎಂದು ಕೇಳಿದ್ದು ನನಗೂ ಕೇಳಿಸಿತು. ಅಜ್ಜಿ ಅಭ್ಯಾಸದಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಮೂರೂ ಹೆಸರು ಈಗ ಬರುತ್ತವೆ ಎಂದು ನಾನು ಕಾದೆ. ಅವರು ಮೊದಲನೆಯ ಹೆಸರನ್ನಷ್ಟೇ ಹೇಳಿ ಸುಮ್ಮನಾದರು.