ಗಡಿಯಾರ ನೋಡಿ ಉಣ್ಣುವವನ ಪದ

ಎಂಬತ್ತರ ದಶಕದ ಮೊದಲ ವರ್ಷಗಳು. ಹತ್ತಿಮತ್ತೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಐದಕ್ಕೆ ಏಳುವುದು, ಎಂಟೂವರೆಗೆ ರೊಟ್ಟಿ, ಸಂಜೆ ಐದೂವರೆಗೆ ಚಹಾ, ಏಳೂವರೆಗೆ ಊಟ. ಹಾಸ್ಟೆಲಿನಲ್ಲಿ ಬೆಳೆದವನು ನಾನು. ಊಟದ ಮಣೆಯ ಎದುರಿನ ಗೋಡೆಗೇ ಗಡಿಯಾರ ಹಾಕಿಸಿದ್ದೆ.

ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಮೆಣಸಿನಕಾಯಿ ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತ ಹಾಡುತ್ತಿದ್ದರು. ಆ ಕಡೆಯ ರೂಢಿ ಅದು: ಒಬ್ಬಾಕೆ ತನ್ನ ಮನೆಯ ಸಂಕಟವನ್ನು ಯಾರ ಹೆಸರೂ ಹೇಳದೆ ಪದವಾಗಿ ಕಟ್ಟುತ್ತಾಳೆ. ಆಕೆ ಬರದ ದಿನವೂ ಉಳಿದವರು ಅದನ್ನು ಹಾಡುತ್ತಾರೆ.

"ಸವಣೂರ ಎಲಿ-ಅಡಿಕಿ ತಂದು ನನ ಮಾರಿ ನೋಡಿ ನಗತಿದ್ದ,
ಈಗೀಗ ಉಣತಾನ ಗಡಿಯಾರ ನೋಡಿ."

ಚೆನ್ನಾಗಿದೆ ಅನಿಸಿ ವಹಿಯಲ್ಲಿ ಬರೆದುಕೊಂಡೆ. ಊರಿನಲ್ಲಿ ಗಡಿಯಾರವಿದ್ದ ಮನೆಗಳು ನಾಲ್ಕೋ ಐದೋ. ನನ್ನ ಮನೆ ನನಗೆ ನೆನಪಾಗಲಿಲ್ಲ.

ಸಂಜೆ ಊಟಕ್ಕೆ ಕೂತು ಹೆಂಡತಿಗೆ ಓದಿ ಹೇಳಿದೆ. "ಯಾರ ಮನಿಯಾಕಿ ಪದಾನೊ, ಪಾಪ. ಎಂಥಾ ಗಂಡಸೊ ಏನೊ!"

ಆಕೆ ರೊಟ್ಟಿ ತಟ್ಟುತ್ತಲೇ, "ಮುಂದಿನ ನುಡಿ ಬರಕೊಂಡಿಲ್ಲೇನ್ರಿ?" ಎಂದಳು.

"ಐತೇನು? ನಿನಗ ಹೆಂಗ ಗೊತ್ತು?"

"ಕಟ್ಟಿದಾಕಿಗೆ ಗೊತ್ತಿರಬಾರದೇನ್ರಿ?"

ಎರಡು ವರ್ಷದಿಂದ, ನಾನು ಶಾಲೆಗೆ ಹೊರಟ ಮೇಲೆ ಆಕೆ ನೆರೆಮನೆಯಾಕೆಯ ಜೊತೆ ಕಳೆಗೆ ಹೋಗುತ್ತಿದ್ದಳಂತೆ. ಐದೂವರೆಗೆ ಚಹಾ ಸಿಗುತ್ತಿದ್ದುದರಿಂದ ನನಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಆಕೆ ಮೆಲ್ಲಗೆ ಹಾಡಿದಳು:

"ಹಾಡ ಕೇಳಿ ಒಪ್ಪಿದಾಂವ ಹಾಡೂದ ಬಿಡಿಸ್ಯಾನ,
ಬಿಟ್ಟ ಹೋದರ ತಿಳಿದೀತು ಚಾ ತಡಾದಾಗ."

ನಿಜ. ಹಂಸಭಾವಿಯ ಒಂದು ಮದುವೆಯಲ್ಲಿ ಅರಿಷಿಣ ಕುಟ್ಟುತ್ತ ಹಾಡುತ್ತಿದ್ದ ಇವಳ ದನಿ ಕೇಳಿಯೇ ನಾನು ಒಪ್ಪಿದ್ದು. ಮನೆಗೆ ಬಂದ ವರ್ಷವೇ, ರೇಡಿಯೋ ವಾರ್ತೆಯ ಹೊತ್ತಿನಲ್ಲಿ ಹಾಡಬೇಡ ಎಂದಿದ್ದೆ. ಆಕೆ ಯಾವ ಹೊತ್ತಿನಲ್ಲೂ ಹಾಡದೆ ಇದ್ದದ್ದು ಆ ಗಳಿಗೆಯವರೆಗೆ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ತಲೆ ಎತ್ತಿದೆ. ಕಣ್ಣು ರೂಢಿಯಂತೆ ಗೋಡೆಯ ಗಡಿಯಾರಕ್ಕೆ ಹೋಯಿತು.

"ನೋಡ್ರಿ ಮತ್ತ!" ಎಂದಳು. ನಗಲಿಲ್ಲ.

ಎದ್ದೆ. ಮಣೆಯನ್ನು ಎಳೆದು, ಗಡಿಯಾರಕ್ಕೆ ಬೆನ್ನು ಮಾಡಿ, ಒಲೆಯ ಎದುರಿಗೆ ಕೂತೆ.

"ಬಿಟ್ಟ ಹೊಂಟೀಯೇನ?"

ಆಕೆ ಬಹಳ ಹೊತ್ತು ನನ್ನ ಮುಖ ನೋಡಿದಳು. ಎಷ್ಟು ನಿಮಿಷವೋ, ಗೊತ್ತಿಲ್ಲ.

"ಆ ನುಡಿ ಇನ್ನೂ ಕಟ್ಟಿಲ್ರಿ," ಎಂದು ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿದಳು.